ಕೆಂಪು ಇಂಕಿನ ಬಾಯಿ

ನಮ್ಮ ಕಾಲದಲ್ಲಿ ಕೆಂಪು ಇಂಕು ಎಂದರೆ ಮೇಷ್ಟ್ರ ಸೊತ್ತು. ನೀಲಿ ನಮ್ಮದು, ಕೆಂಪು ಅವರದು. ನಾವು ನೀಲಿಯಲ್ಲಿ ತಪ್ಪು ಮಾಡಬೇಕು, ಅವರು ಕೆಂಪಿನಲ್ಲಿ ಅದನ್ನು ಹಿಡಿಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನನ್ನು ಕೆಡವಿತ್ತು. ಮತ್ತೊಮ್ಮೆ ಪರೀಕ್ಷೆಗೆ ಕೂರುವ ತನಕ ಶಿಕಾರಿಪುರದ ಮನೆಯಲ್ಲಿ ಉಂಡು, ಓದುವವನಂತೆ ನಟಿಸುವುದಷ್ಟೇ ನನ್ನ ಕೆಲಸ. ಆ ಬಿಡುವಿನಲ್ಲಿ ಒಂದು ದಿನ ಪುಸ್ತಕದ ಅಂಗಡಿಗೆ ಹೋಗಿ ಕೆಂಪು ಇಂಕಿನ ಬಾಟ್ಲಿ ಕೇಳಿದೆ. ನಯಾ ಪೈಸೆ ಬಂದ ಹೊಸತು. ಅದನ್ನಿನ್ನೂ ನಂಬದ ಅಂಗಡಿಯವರು ನಾಣ್ಯ ತಿರುವಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಯಾಕೋ, ಮೇಷ್ಟ್ರಾದ್ಯೇನು?"

"ಇಲ್ಲ ರೀ. ಅವರ ಕೆಲಸ ಹಗುರ ಮಾಡೋಣ ಅಂತ. ನನ್ನ ತಪ್ಪು ನಾನೇ ತಿದ್ದಿ ಕೊಟ್ರೆ ಆತಲ್ಲ."

"ಹಂಗಾದ್ರೆ ಒಂದು ಬಾಟ್ಲಿ ಸಾಲದು ಬಿಡು," ಎಂದು ಕಟ್ಟಿಕೊಟ್ಟರು.

ಮನೆಗೆ ಬಂದು ಪೆನ್ನಿನ ಹೊಟ್ಟೆ ತೊಳೆದು, ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ತುಂಬಿಸಿದೆ. ಎಂಥ ಕೆಂಪು ಅದು. ಕುಂಕುಮ ಅದರ ಮುಂದೆ ಸಪ್ಪೆ. ಹಣ್ಣಾದ ಮೆಣಸಿನಕಾಯಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಹಿಡಿದಂತೆ. ಹಳೆಯ ಪತ್ರಿಕೆಯ ಅಂಚಿನಲ್ಲಿ ಒಂದು ಗೆರೆ ಎಳೆದರೆ ಕಾಗದ ಅದನ್ನು ಆಸೆಯಿಂದ ಹೀರಿ ಎರಡರಷ್ಟು ದಪ್ಪ ಮಾಡುತ್ತಿತ್ತು. ನುಣುಪು ಕಾಗದದ ಮೇಲಾದರೆ ಒಣಗಿದ ಮೇಲೂ ಗೆರೆಯ ಅಂಚಿನಲ್ಲಿ ಜೀರುಂಡೆಯ ರೆಕ್ಕೆಯಂಥ ಹೊಳಪು. ನಾನು ನಮ್ಮ ಹೆಡ್‌ಮಾಸ್ತರರ ಹಾಗೆ ಕನ್ನಡಕ ಮೂಗಿನ ತುದಿಗೆ ಜಾರಿಸಿ (ಕನ್ನಡಕ ಇರಲಿಲ್ಲ, ಮೂಗು ಇತ್ತು), "ಹ್ಞೂಂ, ಹ್ಞೂಂ" ಎನ್ನುತ್ತಾ ಪತ್ರಿಕೆಯ ತುಂಬ ಮಾರ್ಕು ಹಾಕಿದೆ. ಮಂತ್ರಿಗಳ ಭಾಷಣಕ್ಕೆ ಹನ್ನೆರಡು. ಹವಾಮಾನಕ್ಕೆ ಸೊನ್ನೆ. ಅವ್ವನ ಉಪ್ಪಿಟ್ಟಿಗೆ ತೊಂಬತ್ತು ಕೊಟ್ಟೆ. ಅಲ್ಲಿ ಮಾತ್ರ ನಾನು ಪ್ರಾಮಾಣಿಕನಾಗಿರಲಿಲ್ಲ, ಎರಡನೇ ಸಲ ಬಡಿಸುವವಳು ಅವಳೇ.

ಅಕ್ಕನಿಗೆ ಈ ಮಾರ್ಕಿನಾಟ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ನಗದವರು ಯಾರೂ ಇರಲಿಲ್ಲ, ನಗುವವರಲ್ಲೂ ಅವಳೇ ಮೊದಲಿಗಳು. ಆದರೆ ಆ ವಾರ ಅವಳ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಕಾರಣ ಸೊರಬದ ಕಡೆಯ ಸಂಬಂಧ.

ಹುಡುಗ ಉಳವಿಯವರು, ಅಲ್ಲಿಯೇ ಶಾಲೆಯ ಮೇಷ್ಟ್ರು. ಮನೆಯಲ್ಲಿ ಗದ್ದೆ ಇದೆ, ಒಳ್ಳೆಯ ಜನ. ತಮ್ಮ ಹಿರಿಯರ ಜೊತೆ ಬಂದು ಅಕ್ಕನನ್ನು ನೋಡಿ ಒಪ್ಪಿ ಹೋಗಿದ್ದರು. ನೋಡಿ ಎಂದೆನಲ್ಲ, ಅದು ಮರ್ಯಾದೆಯ ಮಾತು. ಅವರು ಬಂದಾಗಿನಿಂದ ಹೋಗುವ ತನಕ ನೋಡಿದ್ದು ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು. ಬಾಯಿ ತೆರೆದದ್ದು ಬಾಳೆಹಣ್ಣಿಗೆ ಮಾತ್ರ. ನಮ್ಮ ದೊಡ್ಡಪ್ಪನ ಮಾತಿಗೆ ಹಜಾರವೇ ಹೊಟ್ಟೆ ಹಿಡಿದುಕೊಂಡಿದ್ದಾಗಲೂ ಆ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಈಗ ನಮ್ಮ ಕಡೆಯವರು ಅವರ ಮನೆ ನೋಡಿ ಬರುವ ಶಾಸ್ತ್ರ ಉಳಿದಿತ್ತು. ಅಪ್ಪಾಜಿಗೆ ಜ್ವರ. ಹಾಗಾಗಿ ಹಿರಿಯರೆಂದು ದೊಡ್ಡಪ್ಪ, ಹುಡುಗಿಯ ತಮ್ಮನೆಂದು ನಾನು. ನಮ್ಮಲ್ಲಿ ಇದಕ್ಕೊಂದು ಕ್ರಮ. ಊಟವಾದ ಮೇಲೆ ಗಂಡಿನ ಮನೆಯವರು ಎಲೆ ಅಡಿಕೆ ತಟ್ಟೆ ಹಿಡಿಯುತ್ತಾರೆ. ಹುಡುಗಿಯ ಅಣ್ಣನೋ ತಮ್ಮನೋ ಅದರಿಂದ ಎಲೆ ತೆಗೆದು ಹಾಕಿಕೊಂಡರೆ ಒಪ್ಪಿಗೆ ಎಂದರ್ಥ. ಮುಟ್ಟದೆ ಎದ್ದರೆ ಯಾರೂ ಏನೂ ಕೇಳುವುದಿಲ್ಲ, ಬಸ್ಸಿನ ಹೊತ್ತು ಕೇಳುತ್ತಾರೆ ಅಷ್ಟೆ.

ಹೊರಡುವ ಮುಂಚೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ಅಪ್ಪಾಜಿ ನನ್ನ ಮಾತಿಗೇ ಬಿಟ್ಟಾರೆ. ನೀವು ವಾಪಸ್ ಬಂದ ಕೂಡ್ಲೆ ಕೇಳ್ತಾರೆ. ನಾನು ಹೂಂ ಅಂದ್ರೆ ದೇವರ ಮುಂದೆ ಸಕ್ಕರೆ ಇಡ್ತಾರೆ, ಆಮೇಲೆ ಹಿಂದೆ ತಿರುಗಂಗಿಲ್ಲ. ನಂಗೆ ಗದ್ದೆ ಬ್ಯಾಡ, ಮನೆ ಬ್ಯಾಡ. ಆ ಮನುಷ್ಯ ನಗ್ತಾನಾ ಇಲ್ಲಾ, ಅದೊಂದು ನೋಡ್ಕೊಂಡು ಬಾ. ಒಂದು ಸಲ ನಕ್ರೆ ಸಾಕು, ಎಲೆ ಹಾಕ್ಕೋ. ನಗಲಿಲ್ಲ ಅಂದ್ರೆ ಮುಟ್ಟಬ್ಯಾಡ. ಜೀವಮಾನವೆಲ್ಲ ಕ್ಯಾಲೆಂಡರ್ ನೋಡೋ ಗಂಡಸಿನ ಜೊತೆ ನನ್ನ ಕೈಲಿ ಆಗಲ್ಲ."

"ಬಂದು ಹೇಳ್ತೀನಿ ಬಿಡು."

"ಹೇಳೋದು ಬ್ಯಾಡ. ನಿನ್ನ ಮಾತಲ್ಲಿ ಯಾವುದು ನಿಂದು, ಯಾವುದು ಇನ್ನೊಬ್ಬರದು ಅಂತ ನಿಂಗೇ ಗೊತ್ತಿರಲ್ಲ. ಬಾಗಿಲ ಸಂದಿಯಿಂದ ನಿನ್ನ ಬಾಯಿ ನೋಡ್ತೀನಿ. ಕೆಂಪಿದ್ರೆ ಹೂಂ. ಇಲ್ಲ ಅಂದ್ರೆ ಇಲ್ಲ."

ದೊಡ್ಡಪ್ಪನ ಬಾಯಿ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಅದು ಹುಟ್ಟಿದಾರಭ್ಯ ಕೆಂಪು. ನನ್ನದು ಹಾಗಲ್ಲ. ಓದುವ ಹುಡುಗ ಎಲೆ ಹಾಕಿದರೆ ನಾಲಿಗೆ ದಪ್ಪವಾಗುತ್ತದೆಂದು ಮನೆಯಲ್ಲಿ ಎಲೆಯ ತೊಟ್ಟನ್ನೂ ಮುಟ್ಟಗೊಡುತ್ತಿರಲಿಲ್ಲ. ನಾಲಿಗೆ ತೆಳ್ಳಗಿದ್ದೂ ಗಣಿತ ಯಾಕೆ ಹೋಯಿತೆಂದು ನಾನು ಕೇಳಿ ಪೆಟ್ಟು ತಿಂದದ್ದು ಬೇರೆ.

ಅಂತೂ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿ ಹೊರಟೆ. ಶಿರಾಳಕೊಪ್ಪದ ಮೇಲೆ ಸೊರಬ, ಅಲ್ಲಿ ಬಸ್ಸು ಬದಲಿಸಿ ಉಳವಿ. ಸೊರಬದ ಬಸ್ಸಿನಲ್ಲಿ ಬುಟ್ಟಿಯೊಳಗೆ ಕೋಳಿ ಇಟ್ಟುಕೊಂಡ ಒಬ್ಬ ಮುದುಕಿಗೂ ಕಂಡಕ್ಟರಿಗೂ ಜಗಳ ಹತ್ತಿತು. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಅವತ್ತು ನನಗೆ ಸರಕು ಬೇಕಿತ್ತು.

ಉಳವಿಯಲ್ಲಿ ಕಾಲು ತೊಳೆಯಲು ನೀರು, ಬೆಲ್ಲ, ಮಜ್ಜಿಗೆ, ಮರ್ಯಾದೆಗೆ ಏನೂ ಕೊರತೆಯಿಲ್ಲ. ಹುಡುಗನ ತಂದೆ, ಅಜ್ಜಿ, ಅಕ್ಕಪಕ್ಕದ ಮನೆಯವರು ಎಲ್ಲ ಜಗಲಿಯಲ್ಲಿ ಸೇರಿದ್ದರು. ಮೇಷ್ಟ್ರು ಕಂಬಕ್ಕೆ ಒರಗಿ ಕೂತಿದ್ದರು. ಎರಡರಲ್ಲಿ ಕಂಬವೇ ಸ್ವಲ್ಪ ಚುರುಕಾಗಿ ಕಂಡಿತು.

ನಾನು ಕೆಲಸ ಶುರು ಮಾಡಿದೆ. ಮೊದಲು ನಮ್ಮ ಹೆಡ್‌ಮಾಸ್ತರರನ್ನು ಮಾಡಿ ತೋರಿಸಿದೆ. ಜಗಲಿ ನಕ್ಕಿತು, ಮೇಷ್ಟ್ರು ಸೂರು ನೋಡಿದರು. ಎಲೆರಸ ಚೆಲ್ಲದ ಹಾಗೆ ಗದ್ದ ಮೇಲೆತ್ತಿ ಮಾತಾಡುವ ದೊಡ್ಡಪ್ಪನನ್ನು ಅವರ ಎದುರಿಗೇ ಮಾಡಿದೆ. ದೊಡ್ಡಪ್ಪನೇ ನಕ್ಕು ರಸ ಚೆಲ್ಲಿಕೊಂಡರು. ಮೇಷ್ಟ್ರು ಎದ್ದು ಅವರಿಗೆ ವಸ್ತ್ರ ತಂದುಕೊಟ್ಟು ಮತ್ತೆ ಕಂಬಕ್ಕೆ ಒರಗಿದರು. ಕೊನೆಗೆ ಕೋಳಿಯ ಮುದುಕಿಯನ್ನು ಹೊರಬಿಟ್ಟೆ.

"ಅಜ್ಜೀ, ಕೋಳಿಗೂ ಟಿಕೆಟ್ ಆಗ್ತದೆ."

"ಎಂತಕ್ಕಾ?"

"ಸೀಟಿನ ಮೇಲೆ ಕೂತದಲ್ಲ."

"ಸರಿಯಾಗಿ ನೋಡು ಮಾರಾಯ. ಕೂತದ್ದು ಬುಟ್ಟಿ. ಕೋಳಿ ಒಳಗೆ ನಿಂತೇ ಅದೆ. ನಿಂತು ಹೋಗೋರಿಗೆ ಎಂತ ಟಿಕೆಟ್ಟಾ?"

ಹುಡುಗನ ತಂದೆ ತೊಡೆ ತಟ್ಟಿಕೊಂಡರು. ಒಳಗಿನಿಂದ ಹೆಂಗಸರ ನಗು, ಬಳೆಯ ಸದ್ದು. ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿ, ಕಠಿಣವಾದ ಲೆಕ್ಕ ಸಿಕ್ಕವರ ಹಾಗೆ ನೆಲ ನೋಡುತ್ತಿದ್ದರು. ಗಣಿತದಲ್ಲಿ ಬಿದ್ದ ನನಗೆ ಆ ಮುಖದ ಪರಿಚಯ ಚೆನ್ನಾಗಿತ್ತು, ಕನ್ನಡಿಯಲ್ಲಿ ಕಂಡದ್ದು. ನನ್ನ ಸರಕು ಮುಗಿಯಿತು.

ಊಟವಾಯಿತು. ಎಲೆ ಅಡಿಕೆ ತಟ್ಟೆ ಬಂತು. ದೊಡ್ಡಪ್ಪ ನನ್ನ ಕಡೆ ನೋಡಿ ಕಣ್ಣಿನಲ್ಲೇ ತಗೋ ಎಂದರು. ನಾನು ತಟ್ಟೆಯ ಅಂಚಿನ ಹೂವಿನ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಈಗ ಕ್ಯಾಲೆಂಡರ್ ನೋಡುವ ಸರದಿ ನನ್ನದು.

"ತಗಳಿ ತಮ್ಮ," ಎಂದರು ಹುಡುಗನ ತಂದೆ.

"ತಗೊಳ್ಳೋಣ ರೀ. ಊಟ ಇನ್ನೂ ಗಂಟಲಲ್ಲೇ ಐತೆ."

ಜಗಲಿ ತಣ್ಣಗಾಯಿತು. ಯಾರೋ ಕೆಮ್ಮಿದರು. ಇನ್ನು ಬಸ್ಸಿನ ಹೊತ್ತು ಕೇಳುವುದೊಂದೇ ಬಾಕಿ. ಆಗ ಮೇಷ್ಟ್ರು ಅವತ್ತಿನ ಮೊದಲ ಮಾತು ಆಡಿದರು.

"ಜೇಬಲ್ಲಿ ಇರೋದು ಕೆಂಪು ಇಂಕಿನ ಪೆನ್ನಾ? ಬೆರಳೆಲ್ಲ ಕೆಂಪಾಗ್ಯದೆ."

ಆ ಮೌನದಿಂದ ನನ್ನನ್ನು ಎತ್ತಲೆಂದೇ ಆಡಿದ ಮಾತು ಅದು ಎಂದು ಆಮೇಲೆ ಹೊಳೆಯಿತು. ನಾನು ಸಂತೋಷದಿಂದ ಪೆನ್ನು ಕೊಟ್ಟೆ. ಅವರು ಒಂದು ಹಳೆಯ ಕಾಗದದ ಮೇಲೆ ಎಳೆದು ನೋಡಿದರು. ಬಿಳಿ ಗೀರು ಬಿತ್ತು, ಕೆಂಪು ಬರಲಿಲ್ಲ. ಪ್ರಯಾಣದಲ್ಲಿ ನಿಬ್ಬು ಒಣಗಿತ್ತು.

"ಕೊಡ್ರಿ ಇಲ್ಲಿ," ಎಂದು ತೆಗೆದುಕೊಂಡು ಎರಡು ಸಲ ಕೊಡವಿದೆ. ಬರಲಿಲ್ಲ. ಅಂಥ ಹೊತ್ತಿನಲ್ಲಿ ನಾವೆಲ್ಲ ಮಾಡುತ್ತಿದ್ದ ಹಾಗೆ ನಿಬ್ಬು ಬಾಯಿಗಿಟ್ಟು ಹೀರಿದೆ. ಬಸ್ಸಿನ ಕುಲುಕಾಟಕ್ಕೆ ಪೆನ್ನಿನ ಕತ್ತು ಸಡಿಲಾಗಿತ್ತೆಂದು ಕಾಣುತ್ತದೆ. ಹೊಟ್ಟೆಯಲ್ಲಿದ್ದದ್ದರಲ್ಲಿ ಅರ್ಧ ನನ್ನ ಬಾಯಿಗೆ ಬಂತು. ಮೊದಲು ಕಹಿ, ಆಮೇಲೆ ಸೋಪಿನ ರುಚಿ, ಕೊನೆಗೆ ತುಕ್ಕು ಹಿಡಿದ ಮೊಳೆ. ಉಗಿಯೋಣವೆಂದರೆ ಎದುರಿಗೆ ಅವರ ಸಾರಿಸಿದ ಅಂಗಳ. ನುಂಗಿದೆ.

ಸರಿಯಾಗಿ ಆ ಹೊತ್ತಿಗೆ ಒಳಗಿನಿಂದ ಅಜ್ಜಿ ಬಂದರು. ಕಣ್ಣು ಮಂಜು. ಹತ್ತಿರ ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ತುಟಿ, ಹಲ್ಲು, ನಾಲಿಗೆ, ಎಲ್ಲ ಕೆಂಪೋ ಕೆಂಪು.

"ಹುಡುಗ ಎಲೆ ಹಾಕ್ಯದೆ ಕಣ್ರಾ. ನೀವೆಂತ ಸತ್ತೋರ ಮನೇಲಿ ಕೂತಂಗೆ ಕೂತೀರಿ? ಸಕ್ಕರೆ ತನ್ನಿ."

ಮುಂದಿನದೆಲ್ಲ ನನ್ನ ಕೈಮೀರಿ ನಡೆಯಿತು. ದೊಡ್ಡಪ್ಪ ನಾನು ಕದ್ದುಮುಚ್ಚಿ ಯಾವಾಗಲೋ ಎಲೆ ಎತ್ತಿಕೊಂಡೆನೆಂದು ನಂಬಿ ಬೆನ್ನು ತಟ್ಟಿದರು. ಸಕ್ಕರೆ ಬಂತು. ನಾನು "ಅದು ಎಲೆ ಅಲ್ಲ" ಎನ್ನಲು ಬಾಯಿ ತೆರೆದರೆ ಆ ಕೆಂಪು ಬಾಯಿ ಕಂಡು ಇನ್ನಷ್ಟು ಜನ ಸಂತೋಷಪಟ್ಟರು. ಸಾವಿರ ಜನರ ಧ್ವನಿ ಮಾಡಬಲ್ಲೆನೆಂದು ಜಂಭ ಪಡುತ್ತಿದ್ದವನಿಗೆ ಅವತ್ತು ನನ್ನದೇ ಧ್ವನಿ ಸಿಗಲಿಲ್ಲ.

ನಮ್ಮನ್ನು ಬಸ್ಸಿಗೆ ಬಿಡಲು ಮೇಷ್ಟ್ರು ಬಂದರು. ದೊಡ್ಡಪ್ಪ ಮುಂದೆ ಮುಂದೆ, ನಾವಿಬ್ಬರು ಹಿಂದೆ. ದಾರಿಯ ಕೆರೆಯಲ್ಲಿ ಇಳಿದು ನಾನು ಬಾಯಿ ಮುಕ್ಕಳಿಸಿದೆ, ಮಾವಿನ ಎಲೆಯಿಂದ ತಿಕ್ಕಿದೆ. ಮೇಷ್ಟ್ರು ಕೊಡೆ ಊರಿಕೊಂಡು ದಂಡೆಯ ಮೇಲೆ ನಿಂತಿದ್ದರು.

"ಎಲೆ ಹಾಕಿಲ್ಲ ನೀನು."

"ಇಲ್ಲ ರೀ."

"ಇಂಕು ಕುಡ್ದೆ."

"ಹೌದು ರೀ."

ಸ್ವಲ್ಪ ದೂರ ನಡೆದ ಮೇಲೆ ಮುಂದಿನ ಮಾತು ಬಂತು. "ಅಜ್ಜಿಗೆ ಕಣ್ಣು ಕಾಣಲ್ಲ. ನಿಮ್ಮ ಮನೇಲಿ ಬೇಡ ಅಂತ ಇದ್ರೆ ಸಂಕೋಚ ಮಾಡಬ್ಯಾಡ, ಒಂದು ಕಾಗದ ಹಾಕು. ಬೇಡ ಅಂದೋನು ನಾನೇ ಅಂತ ಇಲ್ಲಿ ಹೇಳ್ತೀನಿ. ನಿಮ್ಮಕ್ಕನ ಮೇಲೆ ಮಾತು ಬರಬಾರ್ದು."

ಇಷ್ಟು ಒಳ್ಳೆಯ ಮಾತನ್ನು ಇಷ್ಟು ಉದ್ದ ಮುಖ ಹೊತ್ತು ಆಡುವವರನ್ನು ನಾನು ಕಂಡಿರಲಿಲ್ಲ. ಆದರೆ ಅಕ್ಕ ಕೇಳಿದ್ದು ಒಳ್ಳೆಯತನದ ವಿಷಯ ಅಲ್ಲವಲ್ಲ. ನಗುವಿನ ಷರತ್ತನ್ನು ಹೇಳಿಬಿಡೋಣವೇ ಎಂದುಕೊಂಡೆ. ಹೇಳಿದ್ದರೆ ಪಾಪ, ಅಲ್ಲೇ ನಿಂತು ಕಷ್ಟಪಟ್ಟು ಒಂದು ನಗು ನಕ್ಕು ಒಪ್ಪಿಸುತ್ತಿದ್ದರು. ಅಂಥ ನಗು ಯಾರಿಗೆ ಬೇಕು?

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಡ್ರೈವರು ಬೀಡಿ ಹಚ್ಚಲು ಇಳಿದರು. ನನ್ನ ಹಿಂದಿನ ಸೀಟಿನಲ್ಲಿ ಯಾರೋ ಒಂದು ಖಾಲಿ ಬುಟ್ಟಿ ಇಟ್ಟರು. ಕೆಳಗೆ ನಿಂತಿದ್ದ ಮೇಷ್ಟ್ರು ಅದನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಅವರ ಭುಜ ಅಲ್ಲಾಡಿತು.

ಮೊದಲು ಏನೋ ಕೆಮ್ಮು ಎಂದುಕೊಂಡೆ. ಸದ್ದಿಲ್ಲ. ಬರಿಯ ಭುಜ ಮೇಲೆ ಕೆಳಗೆ ಆಗುತ್ತಿದೆ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಬಾಗಿದರು. ಆಮೇಲೆ ಬಿಕ್ಕಳಿಕೆಯಂಥ ಒಂದು ಸಣ್ಣ ದನಿ, ಅದರ ಹಿಂದೆ ಇನ್ನೊಂದು, ಬಾವಿಯ ರಾಟೆ ತಿರುಗಿದ ಹಾಗೆ. ಕಣ್ಣಲ್ಲಿ ನೀರು. ಕಿಟಕಿಯ ಹತ್ತಿರ ಬಂದರು.

"ಬುಟ್ಟಿ ಕೂತದ್ದು," ಎಂದರು. ಮುಂದೆ ಆಗಲಿಲ್ಲ. ಒಂದು ಸಲ ಕೊಡೆಯ ಹಿಡಿಕೆಗೆ ಹಣೆ ಒತ್ತಿಕೊಂಡು, ಮತ್ತೆ ಎತ್ತಿ, "ಕೋಳಿ ನಿಂತೇ ಅದೆ," ಎಂದರು.

ಊಟಕ್ಕೆ ಮುಂಚೆ ಹೇಳಿದ ಮಾತು ಅದು. ಊಟ ಅರಗಿದ ಮೇಲೆ ತಲುಪಿದೆ. ಬಸ್ಸು ಹೊರಟು ತಿರುವಿನ ತನಕವೂ ಅವರು ಕೊಡೆ ಹಿಡಿದು ನಡು ಬಾಗಿಸಿಕೊಂಡೇ ಇದ್ದರು.

"ಯಾಕಲೇ, ಮೇಷ್ಟ್ರಿಗೆ ಹೊಟ್ಟೆನೋವೇನು?" ಎಂದರು ದೊಡ್ಡಪ್ಪ.

ಈಗ ನೋಡಿ ನನ್ನ ಪಾಡು. ನಗು ಸಿಕ್ಕಿತು, ಬಾಯಿ ಹೋಯಿತು. ಕೆರೆಯಲ್ಲಿ ತಿಕ್ಕಿದ್ದು ಸಾಲದೆಂಬಂತೆ ಯೋಚಿಸದೆ ಸೊರಬದ ಹೋಟೆಲಿನಲ್ಲಿ ಕಾಫಿಯನ್ನೂ ಕುಡಿದೆ. ಕೈ ತೊಳೆಯುವ ಕಡೆಯ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದರೆ ಪರೀಕ್ಷೆಯಲ್ಲಿ ಬಿದ್ದ ಬಡಪಾಯಿಯ ಅದೇ ಹಳೆಯ ಬಾಯಿ. ಬಾಗಿಲ ಸಂದಿಯಿಂದ ಅಕ್ಕ ಇದನ್ನು ಕಂಡರೆ ಅಲ್ಲಿಗೆ ಮುಗಿಯಿತು.

"ದೊಡ್ಡಪ್ಪ, ಒಂದು ಎಲೆ ಕೊಡ್ರಿ."

ದೊಡ್ಡಪ್ಪ ಎಲೆ ಸಂಚಿಯನ್ನು ಆಚೆ ತೊಡೆಗೆ ಸರಿಸಿದರು. ಗದ್ದ ಮೇಲೆತ್ತಿ ಹೇಳಿದರು. "ಅಲ್ಲಿ ಹಾಕಿದ್ದು ಶಾಸ್ತ್ರ. ಇನ್ನೊಂದು ಹಾಕಿದ್ರೆ ಚಟ. ಓದೋ ಹುಡುಗ, ನಾಲಿಗೆ ದಪ್ಪ ಆಗ್ತತೆ."

ಶಿಕಾರಿಪುರದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅಂಗಡಿಯ ಎಲೆ ಕೊಳ್ಳೋಣವೆಂದರೆ ಅಲ್ಲಿ ಕೂತವರೆಲ್ಲ ಅಪ್ಪಾಜಿಯ ಸ್ನೇಹಿತರು. ನಮ್ಮ ಓಣಿಯ ತಿರುವಿನಲ್ಲಿ ದೊಡ್ಡಪ್ಪ ಯಾರನ್ನೋ ಮಾತಾಡಿಸುತ್ತ ನಿಂತರು. ನಾನು ಗೋಡೆಯ ಮರೆಗೆ ಸರಿದು ಪೆನ್ನಿನ ಕತ್ತು ತಿರುಗಿಸಿದೆ. ಹೊಟ್ಟೆಯಲ್ಲಿ ಇನ್ನೂ ಅರ್ಧ ಇತ್ತು. ಮಧ್ಯಾಹ್ನ ಗೊತ್ತಿಲ್ಲದೆ ಕುಡಿದವನು ಪೆದ್ದ. ಗೊತ್ತಿದ್ದೂ ಎರಡನೇ ಸಲ ಕುಡಿದವನಿಗೆ ಕನ್ನಡದಲ್ಲಿ ಇನ್ನೂ ಪದ ಹುಟ್ಟಿಲ್ಲ. ಚೆನ್ನಾಗಿ ಮುಕ್ಕಳಿಸಿ ತುಟಿಗೂ ಬಳಿದುಕೊಂಡು ಮನೆ ಹೊಕ್ಕೆ.

ಹಜಾರದಲ್ಲಿ ಅಪ್ಪಾಜಿ ಕಂಬಳಿ ಹೊದ್ದು ಕೂತಿದ್ದರು. ದೊಡ್ಡಪ್ಪ ಗದ್ದೆ, ಮನೆ, ಊಟ ಎಲ್ಲ ವರ್ಣಿಸತೊಡಗಿದರು. ನಾನು ಅಡಿಗೆಮನೆಯ ಬಾಗಿಲ ಕಡೆ ತಿರುಗಿ ದೊಡ್ಡದಾಗಿ ಹಲ್ಲು ಕಿರಿದೆ. ಸಂದಿಯಲ್ಲಿ ಅಕ್ಕನ ಒಂದು ಕಣ್ಣು ಕಂಡಿತು. ಆ ಕಣ್ಣು ಮೊದಲು ಅರಳಿತು, ಆಮೇಲೆ ಕಿರಿದಾಯಿತು.

"ಕೈಕಾಲು ತೊಳೆಯೋಕೆ ಬಾರೋ," ಎಂದಳು ಒಳಗಿನಿಂದ.

ಹಿತ್ತಲಿನಲ್ಲಿ ಲಾಟೀನು ಎತ್ತಿ ನನ್ನ ಮುಖಕ್ಕೆ ಹಿಡಿದಳು.

"ಎಲೆ ಕೆಂಪು ಇಟ್ಟಿಗೆ ಬಣ್ಣ ಇರ್ತತೆ. ಇದು ನಿನ್ನ ಇಂಕು. ನನ್ನ ಹತ್ರಾನೂ ನಾಟಕ ಮಾಡ್ತಿಯಾ?" ಲಾಟೀನನ್ನು ಇನ್ನೂ ಹತ್ತಿರ ತಂದಳು. "ಅವರು ನಗಲಿಲ್ಲ. ದೊಡ್ಡಪ್ಪ ಒತ್ತಾಯ ಮಾಡಿರಬೇಕು. ಈಗ ಅಪ್ಪಾಜಿಗೆ ನಾನು ಏನು ಹೇಳ್ಲಿ?"

"ನಕ್ರು ಅಕ್ಕ. ಆದ್ರೆ ತಡವಾಗಿ ನಕ್ರು."

"ತಡವಾಗಿ ಅಂದ್ರೆ?"

"ಜೋಕು ಊಟಕ್ಕೆ ಮೊದ್ಲು. ನಗು ಬಸ್ ಹತ್ತಿದ ಮೇಲೆ."

"ಸುಳ್ಳಿಗೂ ಒಂದು ಮಿತಿ ಇರ್ತತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೆಂಗೆ ನಕ್ರು? ಮಾಡಿ ತೋರ್ಸು."

ಬಟ್ಟೆ ಒಣಹಾಕುವ ಕೋಲನ್ನು ಕೊಡೆಯಂತೆ ಊರಿಕೊಂಡೆ. ಮುಖ ಉದ್ದ ಮಾಡಿದೆ. ಬಾವಿಕಟ್ಟೆಯ ಮೇಲಿದ್ದ ಬುಟ್ಟಿಯನ್ನು ನೋಡಿದೆ, ನೋಡುತ್ತಲೇ ಇದ್ದೆ. ಭುಜ ಅಲ್ಲಾಡಿಸಿದೆ. ಕೋಲಿನ ಮೇಲೆ ಬಾಗಿದೆ. ಬಿಕ್ಕಳಿಕೆ, ಅದರ ಹಿಂದೆ ಇನ್ನೊಂದು, ರಾಟೆಯ ಕಿರ್‌ಕಿರ್. "ಬುಟ್ಟಿ ಕೂತದ್ದು," ಎಂದು ಹಣೆ ಕೋಲಿಗೆ ಒತ್ತಿದೆ. "ಕೋಳಿ ನಿಂತೇ ಅದೆ."

ಕೋಳಿ ಯಾವುದು, ಬುಟ್ಟಿ ಯಾವುದು ಅವಳಿಗೆ ಗೊತ್ತಿರಲಿಲ್ಲ. ಆದರೂ ಲಾಟೀನು ಕೆಳಗಿಟ್ಟು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು, ನಗು ನಿಂತಿತೆಂದು ಎದ್ದಳು, ಮತ್ತೆ ಕೂತಳು.

"ಇದು ನಿಜ," ಎಂದಳು ಕೊನೆಗೆ. "ಹಿಂಗೂ ಒಂದು ನಗು ಇರ್ತತೆ ಅಂತ ನಿನ್ನ ತಲೆಗೆ ಹೊಳೆಯಲ್ಲ. ಕಂಡದ್ದು ಮಾಡೋಕೆ ಬರ್ತತೆ ನಿಂಗೆ, ಹೊಸದು ಕಟ್ಟೋಕೆ ಬರಲ್ಲ."

ಬೈಗುಳವೋ ಹೊಗಳಿಕೆಯೋ ನಾನು ವಿಚಾರಿಸಲು ಹೋಗಲಿಲ್ಲ. ಮೇಷ್ಟ್ರು ಕೆರೆಯ ದಂಡೆಯಿಂದ ಇಳಿದ ಮೇಲೆ ಆಡಿದ ಮಾತನ್ನೂ ಹೇಳಿದೆ, ಅವರದೇ ದನಿಯಲ್ಲಿ. ಅದಕ್ಕೆ ಅವಳು ನಗಲಿಲ್ಲ. ಲಾಟೀನಿನ ಬತ್ತಿ ಸರಿಯಾಗಿಯೇ ಇತ್ತು, ಅದನ್ನು ಸರಿ ಮಾಡುತ್ತ ಸ್ವಲ್ಪ ಹೊತ್ತು ಕೂತಳು.

"ಏನಮ್ಮಾ, ಏನಂತೀ?" ಹಜಾರದಿಂದ ಅಪ್ಪಾಜಿಯ ದನಿ.

"ಆಗಲಿ ಅಪ್ಪಾಜಿ," ಎಂದಳು. ನನಗೆ ಮಾತ್ರ ಕೇಳುವಂತೆ, "ಬಾಯಿ ತೊಳ್ಕೊಂಡು ಬಾ. ದೇವರ ಮುಂದೆ ಈ ಬಾಯಲ್ಲಿ ನಿಲ್ಲಬ್ಯಾಡ," ಎಂದು ಒಳಗೆ ಹೋದಳು.

ಮದುವೆಯ ತನಕ ದಿನಕ್ಕೊಮ್ಮೆಯಾದರೂ ಆ ನಗುವನ್ನು ಮಾಡಿಸಿಕೊಂಡಳು. ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಕೇಳಿದೆ, ನನ್ನ ನಕಲು ಹೇಗಿತ್ತು ಎಂದು. ಅವಳು ಹಜಾರದ ಕಡೆ ನೋಡಿದಳು. ಭಾವ ನಮ್ಮ ಹಳೆಯ ಕ್ಯಾಲೆಂಡರಿನ ಕೆಳಗೆ ಕೂತು, ಹಿಂದಿನ ದಿನ ದೊಡ್ಡಪ್ಪ ಹೇಳಿದ ಯಾವುದೋ ಮಾತಿಗೆ ಆಗಷ್ಟೇ ಭುಜ ಅಲ್ಲಾಡಿಸತೊಡಗಿದ್ದರು.

"ಅರ್ಧ ಮಾಡಿದ್ದೆ ನೀನು," ಎಂದಳು. "ಕೊನೇಗೆ ಇನ್ನೊಂದು ಸುತ್ತು ಬರ್ತತೆ, ಅದು ಬಿಟ್ಟಿದ್ದೆ."

ನನ್ನ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು, ಕೈ ಹಿಡಿದು ಅಂಗೈ ಮೇಲೆ ಮೂವತ್ತೈದು ಎಂದು ಬರೆದಳು. ಕೆಳಗೆ ಗೆರೆ ಎಳೆದಳು.

ಅದು ಪಾಸು. ಆ ವರ್ಷ ನನಗೆ ಸಿಕ್ಕ ಮೊದಲನೆಯದು.